ಜಾಲಹಳ್ಳಿಯಿಂದ ಎಳೆದು ತಂದದ್ದು

ಗಾಡಿಯ ಕೆಳಗೆ ಅಂಗಾತ ಮಲಗಿದ್ದ ಯಂಕೋಬನಿಗೆ ಆ ಹನಿ ಎಲ್ಲಿಂದ ಬೀಳುತ್ತಿದೆ ಎಂಬುದು ನೋಡುವ ಮೊದಲೇ ಗೊತ್ತಿತ್ತು. ಆದರೂ ನೋಡುತ್ತಿದ್ದ. ಗೇರ್ ಬಾಕ್ಸಿನ ಹಿಂಭಾಗದಲ್ಲಿ, ಚಕ್ರಗಳ ಕಡೆ ಹೋಗುವ ಉದ್ದನೆಯ ಶಾಫ್ಟು ಬಂದು ಕೂಡುವ ಕಡೆ, ಎಣ್ಣೆ ಮೊದಲು ಬೆವರಿನ ಹಾಗೆ ಮೂಡಿ, ಆಮೇಲೆ ದಪ್ಪಗಾಗಿ, ಬೀಳಲೋ ಬೇಡವೋ ಎಂದು ತೂಗಾಡಿ, ಅವನ ಕಿವಿಯ ಪಕ್ಕದಲ್ಲಿ ಹಾಸಿದ್ದ ಹಳೆಯ ಪತ್ರಿಕೆಯ ಮೇಲೆ ಟಪ್ಪೆಂದು ಬೀಳುತ್ತಿತ್ತು. ಹೊಸ ಗೇರ್ ಎಣ್ಣೆಗೆ ಜೇನಿನ ಬಣ್ಣವಿರುತ್ತದೆ. ಇದು ಕಪ್ಪಗಿತ್ತು, ಬೆರಳಿಗೆ ಹಚ್ಚಿಕೊಂಡು ಮೂಸಿದರೆ ಒಲೆಯ ಮೇಲೆ ಮರೆತುಬಿಟ್ಟ ಬಾಣಲೆಯ ವಾಸನೆ. ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಮೂಸಿದ, ಮತ್ತೆ ಒರೆಸಿಕೊಂಡ. ಗಾಡಿಯ ಆಚೆ ಎರಡು ಜೊತೆ ಕಾಲುಗಳು ನಿಂತಿದ್ದವು. ಹವಾಯಿ ಚಪ್ಪಲಿಯವು ಗ್ಯಾರೇಜಿನ ಮಾಲೀಕ ಅಮೀರ್ ಸಾಬ್‌ನವು. ದಪ್ಪ ತೊಗಲಿನ, ನಡೆದರೆ ಕಿರ್ರೆನ್ನುವ ಚಪ್ಪಲಿಯವು ಗಾಡಿಯ ಮಾಲೀಕ ಕನಕರಾಯನವು. ಆ ಚಪ್ಪಲಿಯ ಅಂಚಿನ ಹೊಲಿಗೆ ಯಂಕೋಬನ ಕಣ್ಣಿಗೆ ನೇರವಾಗಿ ಬಿದ್ದಿತ್ತು: ಒಂದು ಉದ್ದ, ಎರಡು ಗಿಡ್ಡ, ಮತ್ತೆ ಒಂದು ಉದ್ದ. ಆ ಹೊಲಿಗೆ ಯಾವ ಕಡೆಯ ಕೈಯದು ಎಂದು ಹೇಳಬಲ್ಲವನು ಇಡೀ ಗ್ಯಾರೇಜಿನಲ್ಲಿ ತಾನೊಬ್ಬನೇ ಎಂದು ಹೊಳೆದು, ಯಾರೋ ಮೈಮೇಲಿನ ಅಂಗಿ ಎತ್ತಿ ನೋಡಿದ ಹಾಗಾಯಿತು.

"ಎಂಜಿನ್ ಕೆಟ್ಟದ ಅಂತ ನಿಮ್ಮ ಕೈಗೆ ಕೊಟ್ರ, ಅದನ್ನ ಸುದ್ದ ಮಾಡಿ ಇನ್ನೊಂದು ಕೆಡಿಸಿ ಕೊಡಾಕತ್ತೀರಲ್ರೀ ಸಾಬ್ರ," ಎಂದಿತು ತೊಗಲಿನ ಚಪ್ಪಲಿ.

"ಅರೆ ತಡಿಯಪ್ಪ ಕನಕರಾಯಾ. ಗಾಡಿ ಅಂದ್ರ ನಿನ್ನ ಕುರಿ ಏನು, ಬಾಯಿ ಅಗಲಿಸಿ ಹಲ್ಲು ನೋಡಿ ಹೇಳಾಕ? ಮಿಸ್ತ್ರಿ ಒಳಗ ಹೊಕ್ಕಾನ. ಅವ ಹೇಳ್ತಾನ."

ಮಿಸ್ತ್ರಿ ಹೇಳಲಿಲ್ಲ. ಹನ್ನೆರಡು ವರ್ಷದಿಂದ ಆ ಹೆಸರೇ ಅವನ ಹೆಸರು. ಊರು ಯಾವುದು ಎಂದು ಅಮೀರ್ ಸಾಬ್ ಮೊದಲ ದಿನ ಕೇಳಿದಾಗ ಮಾನ್ವಿ ಕಡೆ ಎಂದಿದ್ದ, ಯಾರ ಪೈಕಿ ಎಂದು ಸಾಬ್ ಕೇಳಲಿಲ್ಲ, ಕೇಳದೇ ಹೋದದ್ದನ್ನು ಯಂಕೋಬ ಹೇಳಲೂ ಇಲ್ಲ. ಹೇಳದೇ ಉಳಿದದ್ದು ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಾ ಹೋಗಿ, ಎದುರಿನ ಹೋಟೆಲಿನ ಪರಮಣ್ಣ ಅವನಿಗೆ ಗಾಜಿನ ಗ್ಲಾಸಿನಲ್ಲಿ ಚಹಾ ಕೊಡುವುದು, ಬಾಡಿಗೆ ಮನೆಯ ಯಜಮಾನಿತಿ ಹಬ್ಬದ ದಿನ ಮಗಳನ್ನು ಒಳಗೆ ಕರೆದು ಹೋಳಿಗೆ ಕೊಡುವುದು, ಎಲ್ಲಾ ಅದರ ಮೇಲೆಯೇ ನಿಂತಿದ್ದವು. ಎಮರ್ಜೆನ್ಸಿ ಮುಗಿದು ವರ್ಷವಾಗಿತ್ತು, ಈಗ ಯಾರೂ ಬಾಯಿ ಮುಚ್ಚಿಕೊಂಡು ಇರಬೇಕಿಲ್ಲ ಎಂದು ಪರಮಣ್ಣನ ಹೋಟೆಲಿನಲ್ಲಿ ಜನ ಜೋರಾಗಿ ಮಾತಾಡುತ್ತಿದ್ದರು. ಯಂಕೋಬ ಅವರ ಮಾತು ಕೇಳುತ್ತಾ ಗಾಜಿನ ಗ್ಲಾಸಿನ ಅಂಚನ್ನು ತುಟಿಗೆ ಒತ್ತಿಕೊಂಡು ಕೂತಿರುತ್ತಿದ್ದ.

"ಮಿಸ್ತ್ರಿ, ಎಲ್ಲಿಂದ ಸೋರಾಕತ್ತದೋ?"

"ನೋಡಾಕತ್ತೀನ್ರಿ."

ಗುರುವಾರ ಇದೇ ಗಾಡಿಯ ಕೆಳಗೆ ಹೀಗೇ ಮಲಗಿದ್ದ, ಜಾಲಹಳ್ಳಿಯ ಬಸ್ಸು ನಿಲ್ಲುವ ಕಡೆ. ಕನಕರಾಯ ಮಿಲಿಟರಿಯವರ ಹರಾಜಿನಲ್ಲಿ ಹಿಡಿದಿದ್ದ ಹಳೆಯ ಪಿಕಪ್ಪು ಅದು. ದೇವದುರ್ಗದ ಸಂತೆಗೆ ಟಗರು ಹೇರಿಕೊಂಡು ಹೊರಟಾಗ ಎಂಜಿನ್ ಕುದಿದು, ಗ್ಯಾಸ್ಕೆಟ್ ಒಡೆದು, ಅಲ್ಲೇ ನಿಂತುಬಿಟ್ಟಿತ್ತು. ಅಮೀರ್ ಸಾಬ್ ತನ್ನ ಲಾರಿ ತೆಗೆದುಕೊಂಡು ಸರಪಳಿ ಸಮೇತ ಯಂಕೋಬನನ್ನೂ ಕರೆದುಕೊಂಡು ಹೋಗಿದ್ದ. ಅಷ್ಟು ದೂರ ಎಳೆದು ತರುವುದಾದರೆ ಮಾಡಬೇಕಾದ ಕೆಲಸ ಒಂದೇ: ಕೆಳಗೆ ಹೊಕ್ಕು ನಾಲ್ಕು ನಟ್ಟು ಬಿಚ್ಚಿ ಶಾಫ್ಟನ್ನು ಗೇರ್ ಬಾಕ್ಸಿನಿಂದ ಬೇರೆ ಮಾಡುವುದು. ಎಂಜಿನ್ ತಿರುಗುತ್ತಿದ್ದರೆ ಗೇರ್ ಬಾಕ್ಸಿನ ಕೆಳಗಿನ ಹಲ್ಲುಗಳು ಎಣ್ಣೆಯಲ್ಲಿ ಮುಳುಗೆದ್ದು ಮೇಲಕ್ಕೆ ಎರಚುತ್ತಿರುತ್ತವೆ. ಎಂಜಿನ್ ಸತ್ತ ಗಾಡಿಯನ್ನು ಎಳೆದರೆ ಕೆಳಗಿನದು ಕದಲುವುದಿಲ್ಲ, ಚಕ್ರದ ಜೊತೆ ಮೇಲಿನದು ಮಾತ್ರ ಎಣ್ಣೆಯಿಲ್ಲದೆ ತಿರುಗುತ್ತದೆ, ಕಾಯುತ್ತದೆ, ತನ್ನನ್ನು ತಾನೇ ತಿನ್ನುತ್ತದೆ. ಇದನ್ನು ಎಷ್ಟೋ ಡ್ರೈವರುಗಳಿಗೆ ಅವನೇ ಬೈದು ಬೈದು ಹೇಳಿಕೊಟ್ಟಿದ್ದ. ಮೊದಲನೆಯದಕ್ಕೆ ನಟ್ಟು ಬಿಚ್ಚುವ ಪಾನ ಹಚ್ಚಿದ್ದ. ಆಗ ಧೂಳಿನಲ್ಲಿ ಎರಡು ಬರಿಗಾಲು ಬಂದು ನಿಂತವು, ಬೆಳ್ಳಿಯ ಕಾಲುಂಗುರ ಸವೆದು ತಂತಿಯಾಗಿತ್ತು. ಒಂದು ಮುಖ ನಿಧಾನವಾಗಿ ಕೆಳಕ್ಕೆ ಬಗ್ಗಿತು.

"ಯಪ್ಪಾ, ನೀ ನಮ್ಮ ನೀರಮಾನ್ವಿ ಉರುಕುಂದನ ಮಗ ಯಂಕೋಬ ಹೌದಲ್ಲೋ? ನಾ ಸೂಗಮ್ಮತ್ತಿ. ನಮ್ಮಣ್ಣ ಹೆಂಗದಾನಪ್ಪ? ಇನ್ನಾ ತೊಗಲು ಹದ ಮಾಡ್ತಾನ?"

ತೊಗಲು ಎಂಬ ಮಾತನ್ನು ಅವಳು ಎಲ್ಲರೂ ಮಾತಾಡುವಷ್ಟೇ ದನಿಯಲ್ಲಿ ಆಡಿದ್ದಳು. ಯಂಕೋಬನ ಕಿವಿಗೆ ಅದು ಊರಿಗೆಲ್ಲ ಕೇಳುವ ಡಂಗುರವಾಗಿತ್ತು. ಹತ್ತು ಹೆಜ್ಜೆ ಆಚೆ ಕನಕರಾಯ ಬೀಡಿ ಹಚ್ಚುತ್ತಿದ್ದ. ಚಿಕ್ಕವನಿದ್ದಾಗ ಜ್ವರ ಬಂದರೆ ಇದೇ ಸೂಗಮ್ಮತ್ತಿ ಅವನನ್ನು ಬೆನ್ನ ಮೇಲೆ ಹೊತ್ತು ಎಲ್ಲಮ್ಮನ ಗುಡಿಯ ಬಯಲಲ್ಲಿ ತಿರುಗಾಡಿಸಿದ್ದಳು, ಅವಳ ಬೆನ್ನಿನ ಬೆವರಿನ ವಾಸನೆ ಈಗ ಈ ಎಣ್ಣೆಯ ನಡುವೆಯೂ ಮೂಗಿಗೆ ಬಂತು. "ಯಾರಬೇ ನೀನು? ನಾ ಅವ ಅಲ್ಲ. ಸರಿ ಅತ್ಲಾಗ, ಗಾಡಿ ಎಳೀಬೇಕು," ಎಂದ. "ಅಲ್ಲೇನು? ಕಣ್ಣು ಮಂಜಾಗ್ಯಾವ ಯಪ್ಪಾ, ತಪ್ಪು ತಿಳಕೋಬ್ಯಾಡ," ಎಂದಳು. ಬರಿಗಾಲುಗಳು ಹೋದವು. ಅವಳು ತಿರುಗಿ ಬಂದಾಳು ಎಂಬ ಹೆದರಿಕೆಗೆ ಅವನು ಪಾನವನ್ನು ಜೇಬಿಗೆ ಹಾಕಿಕೊಂಡು ಆಚೆ ಕಡೆಯಿಂದ ಹೊರಬಿದ್ದು, "ನಡೀರಿ ಸಾಬ್ರ," ಎಂದ. ಲಾರಿಯ ಮೇಲಿಂದ ಅಮೀರ್ ಸಾಬ್, "ಶಾಫ್ಟ್ ಬಿಚ್ಚಿದೇನು?" ಎಂದು ಕೇಳಿದ. "ಹೂಂ," ಎಂದ. ಎರಡು ಸುಳ್ಳುಗಳ ನಡುವೆ ಒಂದು ಬೀಡಿ ಹಚ್ಚುವಷ್ಟೂ ಹೊತ್ತಿರಲಿಲ್ಲ. ಆಮೇಲೆ ದೇವದುರ್ಗ ದಾಟಿ, ಗಬ್ಬೂರು ದಾಟಿ, ಸತ್ತ ಗಾಡಿಯ ಸ್ಟೇರಿಂಗ್ ಹಿಡಿದು, ಮುಂದಿನ ಲಾರಿ ಎಬ್ಬಿಸಿದ ಕೆಂಪು ಧೂಳು ಕುಡಿಯುತ್ತಾ ರಾಯಚೂರಿನವರೆಗೆ ಕೂತು ಬಂದ. ಗಬ್ಬೂರಿನ ಹತ್ತಿರ ಕಾಲ ಕೆಳಗಿನಿಂದ ಸುಟ್ಟ ವಾಸನೆ ಬಂತು. ಹಾರನ್ ಒತ್ತಿದ್ದರೆ ಲಾರಿ ನಿಲ್ಲುತ್ತಿತ್ತು. ಒತ್ತಲಿಲ್ಲ. ಹಿಂದೆ ಟಗರು ನಿಂತಿದ್ದ ಜಾಗದ ಹಿಕ್ಕೆಯ ವಾಸನೆ ಇರಬೇಕು ಎಂದುಕೊಂಡ, ಅದನ್ನು ನಂಬುವ ಪ್ರಯತ್ನದಲ್ಲೇ ಉಳಿದ ದಾರಿ ಸವೆಯಿತು.

ಅಮೀರ್ ಸಾಬ್ ಸೋರಿಕೆ ಹಿಡಿಯುವುದರಲ್ಲಿ ಹಳೆಯ ಹುಲಿ. ಗೇರ್ ಬಾಕ್ಸಿನ ಮೈಯೆಲ್ಲ ಸೀಮೆಎಣ್ಣೆಯಲ್ಲಿ ತೊಳೆಸಿ, ಒಣಗಿಸಿ, ಮೇಲೆ ಸುಣ್ಣದ ಪುಡಿ ಉದುರಿಸಿ, ಮದುಮಗನ ಮುಖದ ಹಾಗೆ ಬೆಳ್ಳಗೆ ಮಾಡಿ, "ಚಂದ್ರಬಂಡದ ತನಕ ಹೊಡಕೊಂಡು ಬಾ," ಎಂದು ಕಳಿಸಿದ. ಹೋಗಿ ಬರುವ ತನಕ ಪಕ್ಕದಲ್ಲಿ ಕೂತ ಕನಕರಾಯ ತನ್ನ ಟಗರುಗಳ ವಂಶಾವಳಿ ಹೇಳುತ್ತಿದ್ದ. ಯಾವ ತಳಿಗೆ ಯಾವ ಕೊಂಬು, ಯಾರ ಹಟ್ಟಿಯಲ್ಲಿ ಹುಟ್ಟಿದ್ದಕ್ಕೆ ಎಂಥ ಮೈಕಟ್ಟು ಎಂದು. "ಮುಖ ನೋಡಿದ್ರ ಸಾಕು ಮಿಸ್ತ್ರಿ, ಇದು ಯಾವುದರ ಮರಿ ಅಂತ ಹೇಳ್ತೀನಿ. ನಮಗ ಯಾರೂ ಮೋಸ ಮಾಡಂಗಿಲ್ಲ," ಎಂದು ಯಂಕೋಬನ ಮುಖ ನೋಡಿ ನಕ್ಕ. ಯಂಕೋಬ ರಸ್ತೆ ನೋಡುತ್ತಿದ್ದ. ತಿರುಗಿ ಬಂದು ಕೆಳಗೆ ಹೊಕ್ಕು ನೋಡಿದರೆ ಸುಣ್ಣ ಎಲ್ಲಾ ಕಡೆ ಬೆಳ್ಳಗೇ ಇತ್ತು, ಹಿಂಭಾಗದಲ್ಲಿ ಮಾತ್ರ ಕಪ್ಪಗೆ ನೆನೆದು, ಅಳುವ ಮಗುವಿನ ಕೆನ್ನೆಯ ಹಾಗೆ ಗೆರೆಗಳು ಇಳಿದಿದ್ದವು. ಅಮೀರ್ ಸಾಬ್ ಬಗ್ಗಿ ನೋಡಿ ತೊಡೆ ತಟ್ಟಿದ. "ಹಿಂದಿಂದ ಸೋರಾಕತ್ತದ. ಬೇರಿಂಗ್ ಹೋಗಾಕ ಸಾಧ್ಯ ಇಲ್ಲ, ಶಾಫ್ಟ್ ಬಿಚ್ಚೇ ಎಳಕೊಂಡು ಬಂದೀವಿ. ಅಂದ್ರ ಸೀಲ. ಅದರಾಗ ನಾವು ಹಾಕಿದ್ದು ಆ ಮುದುಕನ ತೊಗಲಿನ ಸೀಲಲ್ಲೇನು?"

"ಹೌದ್ರಿ," ಎಂದ ಯಂಕೋಬ. ಕೈ ಶಾಫ್ಟಿನ ತುದಿಯ ಮೇಲಿತ್ತು. ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಅಲ್ಲಾಡಿಸಿದ. ಸಡಿಲಾದ ಹಲ್ಲಿನ ಹಾಗೆ ಅದು ಆಡಿತು. ಬೇರಿಂಗ್ ತಿಂದುಹೋಗಿತ್ತು. ಕೈ ತೆಗೆದ.

ಆ ಮಾದರಿಯ ಹಳೆಯ ಗಾಡಿಗೆ ಎಣ್ಣೆ ತಡೆಯುವ ರಬ್ಬರಿನ ಸೀಲು, ಅಂದರೆ ಬಿಲ್ಲೆ, ರಾಯಚೂರಿನಲ್ಲಿ ಸಿಗುತ್ತಿರಲಿಲ್ಲ. ತಗಡಿನ ಬಳೆಯೊಳಗೆ ತೊಗಲಿನ ಬಿಲ್ಲೆ ಕೂಡಿಸುವುದು ಮೊದಲಿನ ಪದ್ಧತಿ. ಎಂಟು ವರ್ಷದ ಹಿಂದೆ ಅಮೀರ್ ಸಾಬ್ ಮಾನ್ವಿಯ ಸಂತೆಯಲ್ಲಿ ಒಬ್ಬ ಮುದುಕನ ಕೈಕೆಲಸ ನೋಡಿ, ಅಳತೆ ಕೊಟ್ಟು, "ಇಂಥಾವು ಮಾಡಿಕೊಡ್ತೀಯೇನು? ಸೋಮವಾರ ಗ್ಯಾರೇಜಿಗೆ ಬಾ," ಎಂದು ಕರೆದಿದ್ದ. ಆ ಸೋಮವಾರ ಯಂಕೋಬ ಎಂಜಿನ್ನಿನೊಳಗೆ ಮುಖವಿಟ್ಟುಕೊಂಡು ಕೆಲಸ ಮಾಡುತ್ತಿದ್ದಾಗ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಲೋಕದಲ್ಲಿ ಎಷ್ಟು ಜನ ಕೆಮ್ಮಿದರೂ ಆ ಕೆಮ್ಮು ಒಂದೇ. ತಲೆ ಎತ್ತಿದ. ಅಪ್ಪ ನಿಂತಿದ್ದ, ಹೆಗಲ ಮೇಲೆ ಚೀಲ, ಕೈಯಲ್ಲಿ ಬಿಸಿಲಿಗೆ ಸುತ್ತಿಕೊಳ್ಳುವ ಟವೆಲ್ಲು. ಮಗ ಅಲ್ಲಿ ಕೆಲಸ ಮಾಡುತ್ತಾನೆ ಎಂದು ಗೊತ್ತಿರದೆ ಬಂದ ಮುಖ ಒಮ್ಮೆಲೇ ಅರಳಿತು. ಯಂಕೋಬ ಮಾಡಿದ್ದಿಷ್ಟೇ: ಕೈಯಲ್ಲಿದ್ದ ಪಾನವನ್ನು ನೋಡಿಕೊಂಡ. ಬಹಳ ಹೊತ್ತೇನೂ ಅಲ್ಲ, ಒಂದು ಉಸಿರಿನಷ್ಟು. ಮತ್ತೆ ತಲೆ ಎತ್ತುವುದರೊಳಗೆ ಆ ಮುಖ ಮಡಚಿ ಚೀಲದೊಳಗೆ ಹೋಗಿತ್ತು, ಅಲ್ಲಿ ನಿಂತಿದ್ದವನು ಯಾರೋ ಮುದುಕ. "ಶರಣ್ರಿ ಮಿಸ್ತ್ರಿಯವರ. ಸಾಬ್ರು ಬಾ ಅಂದಿದ್ರು," ಎಂದ ಉರುಕುಂದಪ್ಪ, ಹೆತ್ತ ಮಗನಿಗೆ.

ಅಂದಿನಿಂದ ಸೋಮವಾರದ ಬಸ್ಸನ್ನು ಅಪ್ಪ ತಪ್ಪಿಸಿಕೊಂಡದ್ದಿಲ್ಲ. ಸೀಲು ಬೇಕಿರಲಿ ಬಿಡಲಿ, ಹೊರಗೆ ಹುಣಸೆ ಮರದ ಕೆಳಗೆ ಬಂದು ಕೂಡುತ್ತಿದ್ದ, ತೊಗಲಿಗೆ ಔಡಲೆಣ್ಣೆ ತಿಕ್ಕುತ್ತಾ ಸಂಜೆಯವರೆಗೆ ಗ್ಯಾರೇಜಿನ ಕಡೆ ನೋಡುತ್ತಿದ್ದ. ಬಾಡಿಗೆ ಮನೆಗೆ ಬರುವಂತಿರಲಿಲ್ಲ. ಮೊಮ್ಮಗಳನ್ನು ಒಂದೇ ಸಲ ನೋಡಿದ್ದ, ಅದೂ ಅವಳು ಬುತ್ತಿ ತಂದು ಕೊಟ್ಟು ಹೋಗುವಾಗ. "ಮಿಸ್ತ್ರಿಯವರ ಮಗಳೇನವ್ವಾ? ಚಲೋ ಓದು," ಎಂದಿದ್ದ. ಅವರಿಬ್ಬರಿಗೂ ಉಳಿದಿದ್ದದ್ದು ಈ ಸೋಮವಾರ ಒಂದೇ ಎಂಬುದು ಯಂಕೋಬನಿಗೆ ಗೊತ್ತಿತ್ತು, ಅವನ ಹೆಂಡತಿ ಶೇಖಮ್ಮನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಸೋಮವಾರ ಬೆಳಿಗ್ಗೆ ಅವಳು ಎರಡು ಗಂಟು ಕಟ್ಟುತ್ತಿದ್ದಳು. ಇವತ್ತೂ ಕಟ್ಟಿದ್ದಳು. "ರೊಟ್ಟಿ ಮೆತ್ತಗ ಬಡದೀನಿ, ಮಾವಗ ಹಲ್ಲಿಲ್ಲ. ಮೊಳಿಗೆ ತೂಗು ಹಾಕಿ ಬರಬ್ಯಾಡ, ಕೈಯಾಗ ಕೊಡು. ನಾಯಿಗೆ ಇಟ್ಟಂಗ ಇಡ್ತಿ ನೀ," ಎಂದಿದ್ದಳು. ಅವನು ಸೈಕಲ್ಲಿಗೆ ಗಾಳಿ ಇದೆಯೋ ಇಲ್ಲವೋ ಎಂದು ಟೈರು ಒತ್ತಿ ನೋಡಿದ್ದ. ಗ್ಯಾರೇಜಿಗೆ ಬಂದು ರೊಟ್ಟಿಯ ಗಂಟನ್ನು ಎಂದಿನಂತೆ ಹುಣಸೆ ಮರದ ಮೊಳೆಗೆ ತೂಗುಹಾಕಿದ್ದ. ಅಪ್ಪ ಬಂದ ಕೂಡಲೇ ಅದೇ ಮೊಳೆಗೆ ತನ್ನ ಅಲ್ಯೂಮಿನಿಯಂ ಲೋಟವನ್ನೂ ತೂಗುಹಾಕುತ್ತಿದ್ದ, ಸಂಜೆ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದ. ಪರಮಣ್ಣನ ಹೋಟೆಲಿನ ಗ್ಲಾಸು ಅಪ್ಪನಿಗೆ ಇಲ್ಲ. ಪರಮಣ್ಣ ಕೆಟಲ್ಲು ತಂದು ಕಟ್ಟೆಯ ಮೇಲಿಟ್ಟು ದೂರ ನಿಲ್ಲುತ್ತಿದ್ದ, "ಅವನಿಗಿಷ್ಟು ನೀವ ಹಾಕ್ರಿ ಮಿಸ್ತ್ರಿ," ಎನ್ನುತ್ತಿದ್ದ. ಅಪ್ಪ ಕುಕ್ಕರಗಾಲಲ್ಲಿ ಕೂತು ಲೋಟವನ್ನು ಎರಡೂ ಕೈಯಲ್ಲಿ ತಗ್ಗಿಸಿ ಹಿಡಿಯುತ್ತಿದ್ದ, ಮಗ ನಿಂತು ಮೇಲಿನಿಂದ ಸುರಿಯುತ್ತಿದ್ದ. ಎಂಟು ವರ್ಷದಲ್ಲಿ ಆ ಸುರಿಯುವಿಕೆ ಅವನ ಕೈಗೆ ಎಷ್ಟು ಕುದುರಿತ್ತೆಂದರೆ ಒಂದು ಹನಿಯೂ ಆಚೆ ಬೀಳುತ್ತಿರಲಿಲ್ಲ.

"ಕರಿ ಆ ಮುದುಕನ್ನ," ಎಂದ ಕನಕರಾಯ. ಕಿತ್ತು ತೆಗೆದ ಸೀಲು ಅವನ ಅಂಗೈಯಲ್ಲಿತ್ತು, ಕಪ್ಪಗೆ ಮುರುಟಿ, ಸತ್ತ ಓತಿಯ ಹಾಗೆ.

ಉರುಕುಂದಪ್ಪ ಬಂದು ಹೊಸ್ತಿಲ ಹೊರಗೇ ನಿಂತ. ಕನಕರಾಯ ಸೀಲನ್ನು ಅವನ ಕಾಲ ಮುಂದೆ ಎಸೆದ. "ನೋಡು ನಿನ್ನ ಕಸಬು. ನನ್ನ ಗಾಡಿ ನಡುರಸ್ತ್ಯಾಗ ನಿಂತಿದ್ರ ನೀ ಬಂದು ಹೊತಗೊಂಡು ಬರ್ತಿದ್ದೇನು?" ಮುದುಕ ಬಗ್ಗಿ ಎತ್ತಿಕೊಂಡ. ಮೊದಲು ಮೂಸಿದ. ಆಮೇಲೆ ಹೆಬ್ಬೆರಳಿನ ಉಗುರಿನಿಂದ ಅಂಚನ್ನು ಒತ್ತಿದ. ಯಂಕೋಬನಿಗೆ ಆ ಹೆಬ್ಬೆರಳು ಗೊತ್ತಿತ್ತು. ನೀರಮಾನ್ವಿಯ ಹಿತ್ತಿಲಲ್ಲಿ ತೊಗಲು ಹದ ಮಾಡುವ ತಂಗಡಿ ತೊಗಟೆಯ ತೊಟ್ಟಿಯ ಪಕ್ಕ ಕೂಡಿಸಿಕೊಂಡು ಅದೇ ಬೆರಳು ಅವನಿಗೆ ಕಲಿಸಿತ್ತು: ಹದವಾಗದ ತೊಗಲು ಹರಿದರೆ ನಾರು ನಾರಾಗಿ ಬರುತ್ತದೆ, ಬೆಂಕಿ ಕಂಡ ತೊಗಲು ಪುಡಿಯಾಗುತ್ತದೆ. ಶಾಲೆಗೆ ಹೋಗುವಾಗ ತನ್ನ ಕೈಯಿಂದ ಆ ವಾಸನೆ ಹೋಗಲಿ ಎಂದು ಅವನು ಬೇವಿನ ಸೊಪ್ಪು ತಿಕ್ಕಿ ತಿಕ್ಕಿ ತೊಳೆದುಕೊಳ್ಳುತ್ತಿದ್ದುದನ್ನು ಅಪ್ಪ ನೋಡುತ್ತಿದ್ದ, ಒಂದು ದಿನ ತಾನೇ ಸೊಪ್ಪು ಕಿತ್ತು ತಂದು ಬಚ್ಚಲ ಕಲ್ಲಿನ ಮೇಲೆ ಇಟ್ಟಿದ್ದ. ಈಗ ಉಗುರಿನ ಕೆಳಗೆ ಅಂಚು ಮುರಿಯಿತು. ಬೆರಳುಗಳ ನಡುವೆ ತಿಕ್ಕಿದ, ಕಪ್ಪು ಪುಡಿ ಉದುರಿತು. ಉರುಕುಂದಪ್ಪ ಆ ಪುಡಿಯನ್ನು ನೋಡಿದ. ತಲೆ ಎತ್ತಿ ಗಾಡಿಯ ಕೆಳಗಿನಿಂದ ಅರ್ಧ ಹೊರಬಂದಿದ್ದ ಮಿಸ್ತ್ರಿಯ ಮುಖ ನೋಡಿದ. ಆ ಮುಖದಲ್ಲಿ ಏನಿತ್ತೋ, ಮಗು ಮಡಕೆ ಒಡೆದು ಬಾಗಿಲ ಹಿಂದೆ ನಿಂತ ದಿನದ್ದೇ ಇರಬೇಕು. ಮುದುಕ ಬೆರಳನ್ನು ಧೋತರಕ್ಕೆ ಒರೆಸಿ ಪುಡಿಯನ್ನು ಇಲ್ಲದಂತೆ ಮಾಡಿಬಿಟ್ಟ.

"ನಂದ ತಪ್ಪರೀ ಸಾಬ್ರ. ತೊಗಲು ಹದ ಆಗಿದ್ದಿಲ್ಲ. ಕಣ್ಣು ಮಂಜಾಗ್ಯಾವು, ತಿಳೀಲಿಲ್ಲ."

ಅದೇ ಮಾತು. ಜಾಲಹಳ್ಳಿಯಲ್ಲಿ ತಂಗಿ ಆಡಿದ್ದನ್ನೇ ಇಲ್ಲಿ ಅಣ್ಣ ಆಡಿದ್ದ. ತನ್ನನ್ನು ಕಂಡವರೆಲ್ಲ ತಮ್ಮ ಕಣ್ಣೇ ಸರಿಯಿಲ್ಲ ಎಂದು ಹೇಳಿಕೊಂಡು ಹೋಗುತ್ತಿದ್ದಾರೆ ಎನ್ನಿಸಿ ಯಂಕೋಬ ಮತ್ತೆ ಗಾಡಿಯ ಕೆಳಗೆ ಸರಿದ. ಅಲ್ಲಿ ತಂಪಿತ್ತು, ಯಾರ ಮುಖವೂ ಇರಲಿಲ್ಲ. ಈಗಲೇ ಹೇಳಿಬಿಡಬಹುದು, ಇನ್ನೊಂದು ಹನಿ ಬೀಳುವುದರೊಳಗೆ ಹೇಳುತ್ತೇನೆ ಎಂದುಕೊಂಡ. ಹನಿ ಬಿತ್ತು. ಇನ್ನೊಂದು ಬಿತ್ತು. ಹೊರಗೆ ಹುಣಸೆ ಮರದ ಕೆಳಗೆ ಕಲ್ಲಿನ ಮೇಲೆ ತೊಗಲು ಕೊಯ್ಯುವ ರಂಪಿಗೆ ಮಸೆಯುವ ಸದ್ದು ಶುರುವಾಯಿತು. ಅಪ್ಪ ಹೊಸ ಬಿಲ್ಲೆ ಕೊಯ್ಯುತ್ತಿದ್ದ. ಅದು ಎಷ್ಟು ಚೆನ್ನಾಗಿದ್ದರೂ ನಿಲ್ಲುವುದಿಲ್ಲ ಎಂದು ಯಂಕೋಬನಿಗೆ ಗೊತ್ತಿತ್ತು: ಬೇರಿಂಗ್ ಸವೆದು ಶಾಫ್ಟು ಓಲಾಡುವಾಗ ಯಾವ ಬಿಲ್ಲೆಯೂ ಅದನ್ನು ಅಪ್ಪಿ ಹಿಡಿಯಲಾರದು. ಗೊತ್ತಿದ್ದೂ ಅದನ್ನು ಅಪ್ಪನಿಂದ ಈಸಿಕೊಂಡ. ಅಪ್ಪ ಅದನ್ನು ಕಟ್ಟೆಯ ಮೇಲೆ ಇಟ್ಟ, ಇವನು ಕಟ್ಟೆಯಿಂದ ಎತ್ತಿಕೊಂಡ. ಬಿಲ್ಲೆ ಬೆಚ್ಚಗಿತ್ತು, ಅಂಗೈಯ ಕಾವು ಇನ್ನೂ ಆರಿರಲಿಲ್ಲ. ಅಂಥ ಕೆಲಸವನ್ನು ಅವನು ನೋಡಿರಲಿಲ್ಲ, ಕೊಯ್ದ ಅಂಚು ಹುಣ್ಣಿಮೆಯ ಚಂದ್ರನ ಅಂಚಿನ ಹಾಗೆ ಎಲ್ಲೂ ತಪ್ಪಿರಲಿಲ್ಲ. ಮಂಜಾದ ಕಣ್ಣಿನ ಕೆಲಸ.

ಕೂಡಿಸಿದ. ಎಣ್ಣೆ ತುಂಬಿಸಿದ. ಮತ್ತೆ ಸುಣ್ಣ, ಮತ್ತೆ ಚಂದ್ರಬಂಡದ ರಸ್ತೆ. ಮಧ್ಯಾಹ್ನದ ಬಿಸಿಲಲ್ಲಿ ತಿರುಗಿ ಬಂದು ನಿಲ್ಲಿಸಿದಾಗ ಯಾರೂ ಬಗ್ಗಿ ನೋಡಬೇಕಾದ ಅಗತ್ಯವೇ ಇರಲಿಲ್ಲ, ಅಂಗಳದ ಧೂಳಿನಲ್ಲಿ ಕಪ್ಪು ಚುಕ್ಕೆಗಳು ಗಾಡಿಯ ಬೆನ್ನಿಗೇ ನಡೆದು ಬಂದಿದ್ದವು.

ಕನಕರಾಯ ನಕ್ಕ. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. "ಬರೋಬ್ಬರಿ ಮಾಡಿದೆಪ್ಪ ಮುದುಕಾ. ಮೊದಲು ಹನಿ ಬೀಳ್ತಿತ್ತು, ಈಗ ಧಾರಿ ಹಿಡದದ. ಕೆರ ಹೊಲಿಯೋ ಕೈಗೆ ಗಾಡಿ ಕೊಟ್ರ ಮತ್ತೇನಾಗ್ತದ? ಸುಮ್ಮನ ಮನ್ಯಾಗ ಬಿದ್ದಿರು." ಮುದುಕ ಟವೆಲ್ಲನ್ನು ಮಡಚುತ್ತಿದ್ದ, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದ. ಅಮೀರ್ ಸಾಬ್‌ಗೆ ಆ ಮಾತು ಸರಿ ಬರಲಿಲ್ಲ ಎಂಬುದು ಮುಖದಲ್ಲಿ ಕಾಣಿಸಿತು, ಆದರೆ ಗಿರಾಕಿ ಗಿರಾಕಿಯೇ. ಅವನು ಮುದುಕನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಿದ. "ಉರುಕುಂದಪ್ಪ, ಬೇಜಾರು ಮಾಡ್ಕೋಬ್ಯಾಡ. ವಯಸ್ಸಾತು. ಇನ್ನ ಮುಂದ ತರಬ್ಯಾಡಪ್ಪ, ನಾ ಹೈದರಾಬಾದಿನಿಂದ ರಬ್ಬರಿಂದು ತರಿಸ್ತೀನಿ. ಸೋಮವಾರ ಬರೋ ತಸ್ದಿ ನಿನಗೂ ಬ್ಯಾಡ."

"ಆತ್ರಿ ಸಾಬ್ರ," ಎಂದ ಉರುಕುಂದಪ್ಪ. ರಂಪಿಗೆ, ಕಲ್ಲು, ಎಣ್ಣೆಯ ಸೀಸೆ ಒಂದೊಂದಾಗಿ ಚೀಲಕ್ಕೆ ಹೋದವು. ಎದ್ದು ನಿಂತು ಗ್ಯಾರೇಜಿನೊಳಗೆ ಒಮ್ಮೆ ನೋಡಿದ, ಗೋಡೆಯ ಪಾನಗಳನ್ನು, ಎಂಜಿನ್ ಎತ್ತುವ ಸರಪಳಿಯನ್ನು, ಎಲ್ಲವನ್ನೂ ನೋಡಿದ, ಮಗನನ್ನು ಬಿಟ್ಟು. "ಬರ್ತೀನ್ರಿ ಮಿಸ್ತ್ರಿಯವರ. ಕೆಲಸ ಹುಷಾರು." ರಸ್ತೆ ದಾಟುವಾಗ ಪರಮಣ್ಣನ ಹೋಟೆಲಿನ ಬೆಂಚಿನವರಿಗೆ ತಾಗದಂತೆ ಬಳಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ತಿರುಗಿದ. ಬೆನ್ನು ಸಣ್ಣದಾಗುತ್ತಾ ಹೋಯಿತು. ಯಂಕೋಬ ನೋಡುತ್ತಿದ್ದುದು ಮೊಳೆಯನ್ನು. ಲೋಟ ಅಲ್ಲೇ ಇತ್ತು. ರೊಟ್ಟಿಯ ಗಂಟೂ ಅಲ್ಲೇ ಇತ್ತು. ಎಂಟು ವರ್ಷದಲ್ಲಿ ಒಮ್ಮೆಯೂ ಅಪ್ಪ ಅವನ್ನು ಮರೆತಿರಲಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟುಹೋದನೇನೋ, ಇನ್ನು ಲೋಟದ ಕೆಲಸ ಇಲ್ಲವೆಂದು, ಎಂದು ಅನ್ನಿಸಿದ ಕೂಡಲೇ ಎದೆಯೊಳಗೆ ಏನೋ ಎಣ್ಣೆಯಿಲ್ಲದೆ ತಿರುಗಿದ ಹಾಗಾಯಿತು.

"ಸಾಬ್ರ, ಒಂದ್ಸಲ ಕೆಳಗ ಬರ್ರಿ."

"ಯಾಕೋ?"

"ಬರ್ರಿ. ಇದನ್ನ ಹಿಡಿದು ಅಲ್ಲಾಡಸ್ರಿ."

ಅಮೀರ್ ಸಾಬ್ ಮಂಡಿ ನೋವಿನಲ್ಲಿ ನರಳುತ್ತಾ ಪಕ್ಕದಲ್ಲಿ ಬಂದು ಮಲಗಿದ. ಇಬ್ಬರೂ ಒಂದೇ ಹಾಸಿಗೆಯ ಮಕ್ಕಳ ಹಾಗೆ ಮೇಲೆ ನೋಡುತ್ತಾ ಮಲಗಿದ್ದರು. ಸಾಬ್ ಶಾಫ್ಟಿನ ತುದಿ ಹಿಡಿದು ಅಲ್ಲಾಡಿಸಿದ, ನಿಲ್ಲಿಸಿದ, ಮತ್ತೆ ಅಲ್ಲಾಡಿಸಿದ. ಹೇಳಬೇಕಾದ್ದನ್ನು ಕಬ್ಬಿಣವೇ ಹೇಳಿತು. "ಬೇರಿಂಗ್ ಸುಟ್ಟದ," ಎಂದ ಸಾಬ್. "ಬಿಚ್ಚೀನಿ ಅಂದಿದ್ದೆಲ್ಲೋ?"

"ಸುಳ್ಳು ಹೇಳಿದೆ."

"ಹನ್ನೆರಡು ವರ್ಷದಾಗ ನಿನ್ನ ಬಾಯಾಗ ಒಂದು ಸುಳ್ಳು ಕೇಳಿದ್ದಿಲ್ಲ ನಾನು."

ಸುಣ್ಣದ ಪುಡಿ ಯಂಕೋಬನ ಕಣ್ಣಿಗೆ ಬಿದ್ದಿತ್ತು, ಉರಿಯುತ್ತಿತ್ತು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಕಾದ. ಬೈಗುಳ ಬರಲಿಲ್ಲ, ಸಾಬ್ ಹೊರಗೆ ಸರಿದು ಮೈ ಕೊಡವಿಕೊಳ್ಳುತ್ತಾ, "ಕನಕರಾಯಾ, ತಪ್ಪು ನಮ್ಮದದ. ಬೇರಿಂಗ್ ನಾ ಹಾಕಿಸಿ ಕೊಡ್ತೀನಿ, ಎರಡು ದಿನ ತಡಿ. ಸೀಲಿಂದೇನೂ ತಪ್ಪಿಲ್ಲ," ಎಂದುಬಿಟ್ಟ. ಅಷ್ಟೇ. ನಾಲ್ಕು ದಿನದಿಂದ ಅವನು ಹೊತ್ತು ತಿರುಗುತ್ತಿದ್ದುದು ಇಷ್ಟು ಹಗುರಾದ ಮಾತೇ, ಇಷ್ಟಕ್ಕೇ ಅಪ್ಪನನ್ನು ಆ ಬಿಸಿಲಿಗೆ ಕಳಿಸಿದ್ದೇ ಎಂದು ಮೊದಲಿಗಿಂತ ಹೆಚ್ಚು ನಾಚಿಕೆಯಾಯಿತು.

"ಅಲ್ಲ, ಹಂಗಿದ್ರ ಆ ಮುದುಕ ಯಾಕ ತನ್ನ ಮ್ಯಾಲ ಹಾಕ್ಕೊಂಡ?" ಎಂದ ಕನಕರಾಯ, ಖರೇನೇ ಅರ್ಥವಾಗದೆ. "ಹುಚ್ಚೇನು ಅವಗ?"

ಯಂಕೋಬ ಮೊಳೆಯಿಂದ ಲೋಟ ತೆಗೆದುಕೊಂಡ. ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡ. ರಸ್ತೆ ದಾಟುವಾಗ ಲೋಟ ಇಷ್ಟು ಹಗುರವೇ ಎಂದು ಆಶ್ಚರ್ಯವಾಯಿತು. ಎಂಟು ವರ್ಷ ಮೇಲಿನಿಂದ ನೋಡಿದ್ದೇ ಹೊರತು ಮುಟ್ಟಿರಲಿಲ್ಲ. ತಳದಲ್ಲಿ ಮೊಳೆಯಿಂದ ಚುಚ್ಚಿ ಬರೆದ ಒಂದು ಅಕ್ಷರವಿತ್ತು, ಯಂ. ಅವನು ಎರಡನೆಯ ಇಯತ್ತೆಯಲ್ಲಿದ್ದಾಗ ಶಾಲೆಗೆ ಒಯ್ಯುತ್ತಿದ್ದ ಲೋಟ. ಶಾಲೆಯ ಕೊಡದಿಂದ ನೀರನ್ನು ಅವನಿಗೂ ಹೀಗೇ ಮೇಲಿನಿಂದ ಸುರಿಯುತ್ತಿದ್ದರು.

"ಚಾ ಹಾಕ್ರಿ," ಎಂದು ಪರಮಣ್ಣನ ಮುಂದೆ ಚಾಚಿದ.

ಪರಮಣ್ಣ ನಕ್ಕ. "ಮಿಸ್ತ್ರಿ, ನಿಮಗ ಗ್ಲಾಸ್ ಅದಲ್ರಿ. ಅದು ಆ ಮುದುಕಂದಲ್ಲೇನು?"

"ಹೌದ್ರಿ. ನಮ್ಮಪ್ಪಂದು. ಇದರಾಗ ಹಾಕ್ರಿ."

ಬೆಂಚಿನ ಮೇಲೆ ಮಾತು ನಿಂತಿತು. ಪರಮಣ್ಣ ಲೋಟ ನೋಡಿದ, ಅದನ್ನು ಹಿಡಿದ ಕೈ ನೋಡಿದ, ನಗು ಮುಖದ ಮೇಲೆಯೇ ಉಳಿದುಹೋಯಿತು, ಏನು ಮಾಡಬೇಕೆಂದು ಅದಕ್ಕೂ ತೋಚದೆ. ಕೆಟಲ್ಲಿನ ಮೂತಿ ಲೋಟದ ಅಂಚಿಗೆ ಬಂದು, ಅಲ್ಲಿ ತಡೆದು ನಿಂತು, ನಿಧಾನವಾಗಿ ಒಂದು ಗೇಣು ಮೇಲಕ್ಕೆ ಹೋಯಿತು. ಪರಮಣ್ಣನಿಗೆ ಸುರಿದು ರೂಢಿಯಿರಲಿಲ್ಲ. ಚಹಾ ಯಂಕೋಬನ ಹೆಬ್ಬೆರಳ ಮೇಲೆ, ಮಣಿಕಟ್ಟಿನ ಮೇಲೆ ಚೆಲ್ಲಿತು. ಯಂಕೋಬ ಕೈ ಕದಲಿಸಲಿಲ್ಲ.

ಬಸ್ ಸ್ಟ್ಯಾಂಡಿನ ಕೊನೆಯಲ್ಲಿ, ಮಾನ್ವಿಯ ಬಸ್ಸು ನಿಲ್ಲುವ ಕಡೆ, ಉರುಕುಂದಪ್ಪ ನೆಲದ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದ. ಮಗ ಬರುವುದನ್ನು ದೂರದಿಂದಲೇ ನೋಡಿ ಅವಸರದಲ್ಲಿ ಎದ್ದ, ಸುತ್ತಲಿನ ಜನರನ್ನು ನೋಡಿದ, ಯಾರಾದರೂ ಗುರುತಿನವರಿದ್ದಾರೆಯೇ ಎಂದು ಮಗನ ಪರವಾಗಿ ತಾನೇ ಹೆದರಿದ. "ಯಾಕ ಬಂದ್ರಿ ಮಿಸ್ತ್ರಿಯವರ? ಏನರ ಮರತೇನ್ರಿ?" ಯಂಕೋಬ ಲೋಟ ಚಾಚಿದ. ಮುದುಕ ಕೈ ಚಾಚಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, "ಅಲ್ಲೇ ಕೆಳಗ ಇಡ್ರಿ, ತಗೋತೀನಿ," ಎಂದ. ಯಂಕೋಬ ಇಡಲಿಲ್ಲ. ಮಾನ್ವಿಯ ಬಸ್ಸು ಬಂತು, ಜನ ನುಗ್ಗಿದರು, ಯಾರದೋ ಗಂಟು ಅವನ ಬೆನ್ನಿಗೆ ಬಡಿಯಿತು. ತೆಳ್ಳನೆಯ ಅಲ್ಯೂಮಿನಿಯಂ ಮೂಲಕ ಚಹಾದ ಕಾವು ಬೆರಳುಗಳ ಒಳಗೆ ಇಳಿಯುತ್ತಿತ್ತು, ಬೆರಳುಗಳು ಕೆಂಪಾಗಿದ್ದವು, ಸುಣ್ಣ ಮೆತ್ತಿದ ಕಡೆ ಇನ್ನೂ ಕೆಂಪಾಗಿದ್ದವು. ಅವನು ಹಿಡಿದೇ ನಿಂತಿದ್ದ. ಉರುಕುಂದಪ್ಪ ಮುಖ ನೋಡುವುದನ್ನು ಬಿಟ್ಟು ಆ ಬೆರಳುಗಳನ್ನು ನೋಡಿದ. ಹೆಬ್ಬೆರಳ ಬುಡದಲ್ಲಿ ಆಗಲೇ ಬೊಬ್ಬೆ ಎದ್ದಿತ್ತು.

"ಕೈ ಸುಡಾಕತ್ತದಲೋ ಹುಚ್ಚಪ್ಪ," ಎಂದು ಮುದುಕ ಎರಡು ಹೆಜ್ಜೆ ಮುಂದೆ ಬಂದು, ಲೋಟದ ಜೊತೆಗೆ ಅದನ್ನು ಹಿಡಿದ ಕೈಯನ್ನೂ ಹಿಡಿದುಕೊಂಡ.